ಮೂಗು ಎಳೆದತ್ತ ನಡೆಯುವ ಬ್ಯಾಸೆಟ್

ನೆಲವನ್ನು ಗುಡಿಸುವಂತಹ ಉದ್ದನೆಯ ಕಿವಿ, ಭಾರವಾದ ಮೈಗೆ ಒಪ್ಪದ ಮೋಟುಗಾಲು, ಜೋತುಬಿದ್ದ ರೆಪ್ಪೆಗಳ ನಡುವೆ ವಿಷಾದ ತುಂಬಿದಂತಿರುವ ಕಣ್ಣು! ಬ್ಯಾಸೆಟ್ ಹೌಂಡ್ ನಾಯಿಯನ್ನು ಮೊದಲ ಬಾರಿಗೆ ಕಂಡವರಿಗೆ ನಗುವೂ ಕನಿಕರವೂ ಒಟ್ಟಿಗೆ ಬರುವುದು ಸಹಜ. ಆದರೆ ಈ ಅಳುಮೋರೆಯ ಪ್ರಾಣಿ ದುಃಖಿಯೂ ಅಲ್ಲ, ಸೋಮಾರಿಯೂ ಅಲ್ಲ. ಫ್ರಾನ್ಸಿನ ಹೊಲ ಕಾಡುಗಳಲ್ಲಿ ಮೊಲದ ಜಾಡು ಹಿಡಿದು ಗಂಟೆಗಟ್ಟಲೆ ನಡೆಯಬಲ್ಲ ಬೇಟೆನಾಯಿಗಳ ವಂಶ ಇದರದು.

ಫ್ರೆಂಚ್ ಭಾಷೆಯಲ್ಲಿ ‘ಬಾ’ ಎಂದರೆ ತಗ್ಗು. ಅದರಿಂದ ಹುಟ್ಟಿದ ಹೆಸರು ಬ್ಯಾಸೆಟ್. 1561ರಲ್ಲಿ ಪ್ರಕಟವಾದ ಝಾಕ್ ದ್ಯು ಫೂಯು ಎಂಬಾತನ ಬೇಟೆಯ ಗ್ರಂಥದಲ್ಲಿಯೇ, ನರಿ ಮೊದಲಾದ ಬಿಲವಾಸಿ ಪ್ರಾಣಿಗಳ ಬೇಟೆಗೆ ಬಳಸುತ್ತಿದ್ದ ಮೋಟುಗಾಲಿನ ನಾಯಿಗಳ ಪ್ರಸ್ತಾಪವಿದೆ. ಕುದುರೆಯೇರಿದ ಬೇಟೆಗಾರನಿಗೆ ವೇಗದ ನಾಯಿ ಬೇಕು. ಕಾಲ್ನಡಿಗೆಯವನಿಗಾದರೋ, ತನ್ನನ್ನು ಹಿಂದೆ ಬಿಟ್ಟು ಓಡಿಹೋಗದ ನಾಯಿಯೇ ಅನುಕೂಲ. ಬ್ಯಾಸೆಟ್ಟಿನ ನಿಧಾನವನ್ನು ಮನುಷ್ಯ ಬೇಕೆಂದೇ ಬೆಳೆಸಿದ.

ಮೂಗೇ ಗುರು

ಜಾಡು ಹಿಡಿಯುವುದರಲ್ಲಿ ಬ್ಲಡ್‌ಹೌಂಡ್ ಒಂದನ್ನು ಬಿಟ್ಟರೆ ಇದಕ್ಕೆ ಸಮನಿಲ್ಲವೆಂದು ಬಲ್ಲವರು ಹೇಳುತ್ತಾರೆ. ವಾಸನೆಯೊಂದು ಮೂಗಿಗೆ ಸಿಕ್ಕಿತೆಂದರೆ ಒಡೆಯನ ಕೂಗು ಅದಕ್ಕೆ ಕೇಳಿಸದು. ಇದನ್ನು ಮೊಂಡುತನವೆಂದು ಬಗೆದು ಹೊಡೆಯುವವರು ಅದರ ವಿಶ್ವಾಸವನ್ನು ಕಳೆದುಕೊಳ್ಳುತ್ತಾರೆಯೇ ಹೊರತು ಸ್ವಭಾವವನ್ನು ತಿದ್ದಲಾರರು. ತಿನಿಸಿನ ಆಸೆ ತೋರಿಸಿ ತಾಳ್ಮೆಯಿಂದ ಕಲಿಸಬೇಕು. ಬೇಲಿಯಿಲ್ಲದ ಕಡೆ ಸರಪಳಿ ಬಿಚ್ಚಬಾರದು. ವಾಹನಗಳ ರಸ್ತೆಯಲ್ಲಿಯೂ ಅದು ನೆಲ ಮೂಸುತ್ತಲೇ ನಡೆಯುವುದು.

ಉಳಿದಂತೆ ಇದು ಸಾಧು. ಮಕ್ಕಳೊಡನೆಯೂ ಇತರ ನಾಯಿಗಳೊಡನೆಯೂ ಸುಲಭವಾಗಿ ಹೊಂದಿಕೊಳ್ಳುತ್ತದೆ. ಹಿಂಡಿನಲ್ಲಿ ಬೇಟೆಯಾಡಿದ ಕುಲವಾದುದರಿಂದ ಒಂಟಿತನವನ್ನು ಸಹಿಸದು. ಮನೆಯವರೆಲ್ಲ ಬೆಳಿಗ್ಗೆ ಬೀಗ ಹಾಕಿ ಹೊರಟರೆ, ಅದರ ಗಂಭೀರವಾದ ಗೋಳಾಟಕ್ಕೆ ನೆರೆಹೊರೆಯವರೇ ಶ್ರೋತೃಗಳಾಗಬೇಕಾದೀತು.

ರೂಪವೇ ಶಾಪವಾದಾಗ

ಚಿತ್ರಕಾರ ಜಾನ್ ಎವರೆಟ್ ಮಿಲೇಯ ಮಗ ಎವರೆಟ್ ಮಿಲೇ 1874ರಲ್ಲಿ ಪ್ಯಾರಿಸ್ಸಿನಿಂದ ‘ಮಾಡಲ್’ ಎಂಬ ಬ್ಯಾಸೆಟ್ಟನ್ನು ಇಂಗ್ಲೆಂಡಿಗೆ ತಂದ. ಅಲ್ಲಿ ಕೆಲವೇ ನಾಯಿಗಳ ಸಂತತಿಯೊಳಗೆ ಕೂಡಿಕೆ ನಡೆದು ತಳಿ ಬಲಗುಂದಿತು. ಅದಕ್ಕೆ ಕಸುವು ತುಂಬಲು ಆತ 1890ರ ದಶಕದಲ್ಲಿ ಬ್ಲಡ್‌ಹೌಂಡಿನೊಡನೆ ಬೆರಕೆ ಮಾಡಿಸಿದ. ಬೇಟೆಯ ನಾಯಿ ಪ್ರದರ್ಶನದ ನಾಯಿಯಾದಂತೆ ಕಿವಿ ಇನ್ನಷ್ಟು ಉದ್ದ, ಮೈ ಇನ್ನಷ್ಟು ಭಾರ, ಚರ್ಮ ಇನ್ನಷ್ಟು ಸಡಿಲವಾಯಿತು. ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಹೆಚ್ಚುವರಿ ಪ್ರತಿಯೇ ಮೋಟುಗಾಲಿಗೆ ಕಾರಣವೆಂದು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಾಲು ಮೋಟಾಗುವುದು ಆ ಜೀನಿನ ಕೆಲಸ. ಹೊಟ್ಟೆ ನೆಲಕ್ಕೆ ತಾಗುವಷ್ಟು ಅತಿರೇಕಕ್ಕೆ ಹೋದದ್ದು ಮನುಷ್ಯನ ಚಪಲ.

ಆರೈಕೆ

ಆದುದರಿಂದ ಬ್ಯಾಸೆಟ್ಟಿನ ಆರೈಕೆಯೆಂದರೆ ಅದರ ರೂಪವು ತಂದಿಟ್ಟ ತೊಂದರೆಗಳ ನಿವಾರಣೆ. ಜೋಲುಕಿವಿಯೊಳಗೆ ಗಾಳಿಯಾಡದೆ ಸೋಂಕು ತಗಲುವುದುಂಟು. ವಾರಕ್ಕೊಮ್ಮೆ ಕಿವಿಯನ್ನು ಮಗುಚಿ ನೋಡಿ ಮೆಲ್ಲಗೆ ಒರೆಸಬೇಕು. ದುರ್ವಾಸನೆ ಬಂದರೆ ಪಶುವೈದ್ಯರಿಗೆ ತೋರಿಸಬೇಕು. ಕಿವಿಯ ತುದಿ ಅನ್ನದಲ್ಲಿ ಅದ್ದದಂತೆ ಬಾಯಿ ಕಿರಿದಾದ ಬಟ್ಟಲಿಡುವುದು ಲೇಸು. ಚರ್ಮದ ಮಡಿಕೆಗಳೂ ಕಣ್ಣಿನ ಅಂಚೂ ಶುಚಿಯಾಗಿ ಒಣಗಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಬೆನ್ನು. ಉದ್ದನೆಯ ಬೆನ್ನುಮೂಳೆಯ ನಡುವಣ ಬಿಲ್ಲೆ ಜಾರಿದರೆ ಹಿಂಗಾಲುಗಳು ಸೋತುಹೋಗಬಹುದು. ಸೋಫಾದಿಂದ ಧುಮುಕಲು ಬಿಡಬಾರದು. ಎಳೆಯ ಮರಿಯನ್ನು ಪದೇಪದೇ ಮೆಟ್ಟಿಲು ಹತ್ತಿಸಬಾರದು. ಎತ್ತುವಾಗ ಎದೆಗೊಂದು, ಸೊಂಟಕ್ಕೊಂದು ಕೈ ಆಸರೆಯಿರಬೇಕು. ಮೈಯ ತೂಕವಂತೂ ಈ ಬೆನ್ನಿನ ಪರಮಶತ್ರು. ಬ್ಯಾಸೆಟ್ ತಿಂಡಿಪೋತ, ಅದರ ದೀನದೃಷ್ಟಿಗೆ ಕರಗಿ ಊಟದ ತಟ್ಟೆಯಿಂದ ಒಂದೊಂದೇ ತುತ್ತು ಎಸೆಯುವ ಮಮತೆ ನಾಯಿಗೆ ಕೇಡು ತರುತ್ತದೆ. ದಿನಕ್ಕೆರಡು ಬಾರಿ ಅಳತೆಯ ಆಹಾರ, ಪ್ರತಿದಿನವೂ ನಿಧಾನವಾದ ನಡಿಗೆ, ಉಂಡೊಡನೆ ಓಡಾಟವಿಲ್ಲದ ವಿಶ್ರಾಂತಿ ಇವು ಹಿತಕರ.

ಮರಿಯನ್ನು ಕೊಳ್ಳುವವರು ಮೊದಲು ಅದರ ತಾಯಿಯನ್ನು ನೋಡಬೇಕು. ಅದರ ಎದೆಗೂ ನೆಲಕ್ಕೂ ನಡುವೆ ಸಾಕಷ್ಟು ಅಂತರವಿದೆಯೇ, ಅದು ಸರಾಗವಾಗಿ ನಡೆಯುತ್ತದೆಯೇ, ಕಣ್ಣು ಸ್ವಚ್ಛವಾಗಿದೆಯೇ ಎಂದು ವಿಚಾರಿಸಬೇಕು. ಅತಿ ಉದ್ದನೆಯ ಕಿವಿ, ಅತಿ ಕುಳ್ಳ ಕಾಲು ಬೇಕೆಂದು ಕೇಳುವವರಿರುವ ತನಕ ಮಾರುವವರೂ ಇರುತ್ತಾರೆ. ಆ ಬೆಡಗಿನ ಬೆಲೆಯನ್ನು ತೆರಬೇಕಾದುದು ಮಾತ್ರ ಮಾತು ಬಾರದ ಪ್ರಾಣಿ.