ಅಜ್ಜಿಗೆ ಉಪವಾಸ, ಗಿನಿಪಿಗ್‌ಗೆ ಏಕಿಲ್ಲ?

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆಯೇ? ಹಾಗಿದ್ದರೆ ಹಿಂದಿನ ರಾತ್ರಿ ಊಟವಾದ ಮೇಲೆ ಏನನ್ನೂ ತಿನ್ನಬಾರದೆಂದು ವೈದ್ಯರು ಹೇಳಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳಿಗೂ ಇದು ಗೊತ್ತಿತ್ತು. ಅವಳ ಅಜ್ಜಿಗೆ ಹಾಗೆಯೇ ಹೇಳಿದ್ದರು. ಅವಳು ಸಾಕಿದ್ದ ಗಿನಿಪಿಗ್‌ನ ಮೂತ್ರಕೋಶದಲ್ಲಿ ಕಲ್ಲಾಗಿತ್ತು. ಅದನ್ನು ತೆಗೆಸುವ ಹಿಂದಿನ ಸಂಜೆ ಅವಳು ಗೂಡಿನಲ್ಲಿದ್ದ ಹುಲ್ಲನ್ನೆಲ್ಲ ತೆಗೆದಿಟ್ಟಳು. ರಾತ್ರಿ ಫೋನಿನಲ್ಲಿ, “ಮಾಮ, ನಾಳೆ ಆಪರೇಷನ್. ಅದಕ್ಕೆ ಈಗಿನಿಂದಲೇ ಉಪವಾಸ” ಎಂದಳು. “ಮೊದಲು ಹುಲ್ಲು ಹಾಕು. ಆಮೇಲೆ ಪಶುವೈದ್ಯರನ್ನು ಕೇಳು” ಎಂದೆ. ವೈದ್ಯರೂ ಹುಲ್ಲು ಹಾಕಲೇಬೇಕು ಎಂದರು.

ಅಜ್ಜಿಗೆ ಸರಿಯಾದದ್ದು ಗಿನಿಪಿಗ್‌ಗೆ ತಪ್ಪಾದದ್ದು ಹೇಗೆ? ಬನ್ನಿ, ತಿಳಿಯೋಣ.

ಹಂದಿಯಲ್ಲದ ‘ಪಿಗ್’

ಗಿನಿಪಿಗ್ ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ಇದು ಇಲಿ, ಅಳಿಲುಗಳಂತೆ ದಂಶಕ ಗುಂಪಿನ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ಬೆಳೆದ ಗಿನಿಪಿಗ್ ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಸಾಮಾನ್ಯವಾಗಿ 5ರಿಂದ 8 ವರ್ಷ ಬದುಕುತ್ತದೆ. ಆದ್ದರಿಂದ ಐದು ವರ್ಷದ ಗಿನಿಪಿಗ್ ಎಂದರೆ ಅದೂ ಒಂದು ಅಜ್ಜಿಯೇ!

ನಿಲ್ಲಬಾರದ ಕರುಳು

ನಮಗೆ ಅರಿವಳಿಕೆ ಕೊಟ್ಟಾಗ ಜಠರದಲ್ಲಿರುವ ಆಹಾರ ಮೇಲಕ್ಕೆ ಬಂದು ಶ್ವಾಸನಾಳಕ್ಕೆ ನುಗ್ಗಬಹುದು. ಅದನ್ನು ತಡೆಯಲೆಂದೇ ನಮಗೆ ಉಪವಾಸ. ಗಿನಿಪಿಗ್ ನಮ್ಮಂತೆ ವಾಂತಿ ಮಾಡಲಾರದು. ಅದರ ಬಾಯಲ್ಲಿ ಉಳಿದ ಹುಲ್ಲಿನ ಚೂರುಗಳನ್ನು ಅರಿವಳಿಕೆ ಕೊಡುವಾಗ ವೈದ್ಯರು ತೆಗೆಯುತ್ತಾರೆ. ಅದಕ್ಕಾಗಿ ಸ್ವಲ್ಪ ಹೊತ್ತು ಮಾತ್ರ ಆಹಾರ ನಿಲ್ಲಿಸಲು ಹೇಳುವುದೂ ಉಂಟು. ಆದರೆ ರಾತ್ರಿಯಿಡೀ ಉಪವಾಸ ಕೆಡಿಸುವುದು ಬೇರೊಂದನ್ನು.

ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಗಳ ವಿಷಯ ನೀವು ಓದಿದ್ದೀರಿ. ಗಿನಿಪಿಗ್‌ನ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಯಿಸಿ ಅದರಿಂದ ಶಕ್ತಿ ಒದಗಿಸುತ್ತವೆ. ಹಸುವಿನಲ್ಲಿ ಇಂಥ ಕೆಲಸ ಹೊಟ್ಟೆಯ ಮುಂಭಾಗದಲ್ಲಿ ನಡೆದರೆ, ಗಿನಿಪಿಗ್‌ನಲ್ಲಿ ಹಿಂಭಾಗದಲ್ಲಿ ನಡೆಯುತ್ತದೆ. ಮುಂದಿನಿಂದ ಹುಲ್ಲು ಬರುತ್ತಿದ್ದರೆ ಮಾತ್ರ ಕರುಳು ಚಲಿಸುತ್ತಿರುತ್ತದೆ. ಹುಲ್ಲು ನಿಂತರೆ ಕರುಳು ನಿಧಾನವಾಗಿ ವಾಯು ತುಂಬಿಕೊಳ್ಳುತ್ತದೆ. ಹೊಟ್ಟೆ ಉಬ್ಬಿ ನೋವಾಗುತ್ತದೆ. ನೋವಿನಿಂದ ಅದು ಇನ್ನಷ್ಟು ತಿನ್ನುವುದಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆದರೂ ಈ ಕಾರಣದಿಂದಲೇ ಗಿನಿಪಿಗ್ ಸಾಯಬಹುದು.

ಶಸ್ತ್ರಚಿಕಿತ್ಸೆಗೆ ಮುನ್ನ

ವಯಸ್ಸಾದ ಪ್ರಾಣಿಯ ಹೃದಯ, ಮೂತ್ರಪಿಂಡಗಳು ಸೊರಗಿರಬಹುದು. ಆದ್ದರಿಂದ ವೈದ್ಯರು ಮೊದಲೇ ಪರೀಕ್ಷೆ ಮಾಡಿ, ಅರಿವಳಿಕೆಯನ್ನು ತಾಳಿಕೊಳ್ಳುವುದೇ ಎಂದು ನೋಡುತ್ತಾರೆ. ಮನೆಯವರು ಮಾಡಬೇಕಾದದ್ದು ಇಷ್ಟು:

• ಒಂದು ವಾರ ಮೊದಲಿನಿಂದ ಪ್ರತಿದಿನ ಒಂದೇ ಹೊತ್ತಿಗೆ ತೂಕ ಮಾಡಿ ಬರೆದಿಡಬೇಕು.
• ಒಣಹುಲ್ಲು, ನೀರು ಸದಾ ಸಿಗುವಂತಿರಬೇಕು.
• ‘ಸಿ’ ಜೀವಸತ್ವ ಇರುವ ದೊಣ್ಣೆಮೆಣಸಿನಕಾಯಿಯಂಥ ತರಕಾರಿಯನ್ನು ದಿನವೂ ಕೊಡಬೇಕು.

‘ಸಿ’ ಜೀವಸತ್ವವೇ ಏಕೆ? ನಾಯಿ, ಹಸು, ಇಲಿಗಳು ಇದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೂ ಗಿನಿಪಿಗ್‌ಗೂ ಅದು ಸಾಧ್ಯವಿಲ್ಲ. ಗಾಯ ಕೂಡಲು ಕೊಲಾಜೆನ್ ಎಂಬ ಪ್ರೋಟೀನು ಬೇಕು. ಅದು ಗಟ್ಟಿಯಾಗಿ ರೂಪುಗೊಳ್ಳಲು ‘ಸಿ’ ಜೀವಸತ್ವ ಬೇಕು. ಇದು ಕಡಿಮೆಯಾದರೆ ಹೊಲಿಗೆ ಹಾಕಿದ ಜಾಗ ಬೇಗ ಮಾಯುವುದಿಲ್ಲ.

ಶಸ್ತ್ರಚಿಕಿತ್ಸೆಯ ನಂತರ

ಗಿನಿಪಿಗ್‌ನ ದೇಹದ ಉಷ್ಣತೆ ಸುಮಾರು 39 ಡಿಗ್ರಿ ಸೆಲ್ಸಿಯಸ್. ಸಣ್ಣ ದೇಹವಾದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಉಗುರುಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬೇಕು. ಬೇಡವಾದರೆ ದೂರ ಸರಿಯಲು ಜಾಗವೂ ಇರಬೇಕು. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ. ಅದರ ಬದಲು ಒಗೆದ ಬಟ್ಟೆ ಹಾಸಬೇಕು.

ಎಚ್ಚರವಾದ ಕೂಡಲೇ ಹುಲ್ಲು ಇಡಬೇಕು. ತಾನಾಗಿ ತಿನ್ನದಿದ್ದರೆ ವೈದ್ಯರು ಹೇಳಿದ ಆಹಾರವನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕು. ಅವಸರ ಮಾಡಿದರೆ ಆಹಾರ ಶ್ವಾಸನಾಳ ಸೇರಬಹುದು. ಹಿಕ್ಕೆಗಳನ್ನೂ ಗಮನಿಸಬೇಕು. ಅವು ತೀರಾ ಸಣ್ಣದಾದರೆ ಅಥವಾ ನಿಂತರೆ ಕರುಳಿನ ಕೆಲಸ ನಿಲ್ಲುತ್ತಿದೆ ಎಂದು ಅರ್ಥ. ಆಗ ಬೆಳಗಾಗಲಿ ಎಂದು ಕಾಯದೆ ವೈದ್ಯರಿಗೆ ತಿಳಿಸಬೇಕು.

ಬೇಟೆಗೆ ಸಿಕ್ಕುವ ಪ್ರಾಣಿಗಳು ನೋವನ್ನು ಮರೆಮಾಚುತ್ತವೆ. ನೋವಿದೆ ಎಂದು ತೋರಿಸಿಕೊಂಡರೆ ಕಾಡಿನಲ್ಲಿ ಶತ್ರುವಿಗೆ ಬೇಗ ಸಿಕ್ಕಿಬೀಳುತ್ತವೆ. ಆದ್ದರಿಂದ ಗಿನಿಪಿಗ್ ಅಳುವುದಿಲ್ಲ. ಮೂಲೆಯಲ್ಲಿ ಮುದುಡಿ, ಕೂದಲು ನಿಮಿರಿಸಿ ಕೂರುತ್ತದೆ. ಹೀಗೆ ಕಂಡರೆ ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬಾರದು. ಮನುಷ್ಯರ ಔಷಧ ಅದಕ್ಕೆ ವಿಷವಾಗಬಹುದು. ಪೆನಿಸಿಲಿನ್‌ನಂಥ ಕೆಲವು ಔಷಧಗಳು ಸೀಕಮ್‌ನ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಕೊಂದು ಪ್ರಾಣಕ್ಕೆ ತರುತ್ತವೆ.

ನನ್ನ ಅಕ್ಕನ ಮಗಳ ಗಿನಿಪಿಗ್ ಮೊದಲ ಎರಡು ದಿನ ಸಿರಿಂಜಿನ ಆಹಾರದಲ್ಲೇ ಇತ್ತು. 900 ಗ್ರಾಂ ಇದ್ದ ತೂಕ 846 ಗ್ರಾಂಗೆ ಇಳಿಯಿತು. ಮೂರನೆಯ ಬೆಳಿಗ್ಗೆ ಅವಳು ಸೊಪ್ಪಿನ ಚೀಲ ಬಿಚ್ಚಿದಾಗ ಆ ಸದ್ದಿಗೆ “ವೀಕ್, ವೀಕ್” ಎಂದು ಕೂಗಿತಂತೆ. ಅಂದಿನಿಂದ ತೂಕ ಏರತೊಡಗಿತು.

ಪ್ರೀತಿಯಿಂದಲೇ ಅವಳು ಹುಲ್ಲು ತೆಗೆದಿಟ್ಟಿದ್ದಳು. ಆದರೆ ಪ್ರಾಣಿಯನ್ನು ಸಾಕಲು ಪ್ರೀತಿಯ ಜೊತೆಗೆ ಅದರ ದೇಹದ ರಚನೆಯೂ ತಿಳಿದಿರಬೇಕು.

ನಿಮಗಿದು ಗೊತ್ತೇ?

1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಎಂಬ ವಿಜ್ಞಾನಿಗಳು, ಬರೀ ಧಾನ್ಯ ತಿಂದ ಗಿನಿಪಿಗ್‌ಗಳಿಗೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗ ಬರುವುದನ್ನು ತೋರಿಸಿದರು. ‘ಸಿ’ ಜೀವಸತ್ವದ ಶೋಧಕ್ಕೆ ಇದು ದಾರಿಯಾಯಿತು.

ಮಾಡಿ ನೋಡಿ

1. ಮೇಲಿನ ಗಿನಿಪಿಗ್‌ನ ತೂಕ ಶೇಕಡಾ ಎಷ್ಟು ಇಳಿಯಿತು? ಲೆಕ್ಕ ಹಾಕಿ.
2. ನಿಮ್ಮ ಮನೆಯ ಹಸು, ಆಡು ಅಥವಾ ಕೋಳಿಗೆ ಹುಷಾರಿಲ್ಲದಾಗ ಹಿರಿಯರು ಯಾವ ಗುರುತುಗಳಿಂದ ಪತ್ತೆ ಮಾಡುತ್ತಾರೆ? ಕೇಳಿ ಪಟ್ಟಿ ಮಾಡಿ.