ಶ್ರೋಟ್ ವ್ಯಾಯಾಮ ವಿಧಾನ

ಶ್ರೋಟ್ ವಿಧಾನವು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆಯು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಸ್ಥಿತಿಗಾಗಿ ರೂಪಿಸಲಾದ ವ್ಯಾಯಾಮ ಚಿಕಿತ್ಸೆಯಾಗಿದೆ. ಜರ್ಮನಿಯ ಕಟರೀನಾ ಶ್ರೋಟ್ (1894–1985) ಇದರ ಪ್ರವರ್ತಕಿ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ, ನಿಶ್ಚಿತ ಕಾರಣ ತಿಳಿಯದ ಸ್ಕೋಲಿಯೋಸಿಸ್‌ನಲ್ಲಿ ಇದನ್ನು ಹೆಚ್ಚಾಗಿ ಬಳಸಲಾಗುತ್ತದೆ.

ಹಿನ್ನೆಲೆ

ಶ್ರೋಟ್ ವೈದ್ಯೆಯಾಗಿರಲಿಲ್ಲ, ಸ್ವತಃ ರೋಗಿಯಾಗಿದ್ದರು. 16ನೆಯ ವಯಸ್ಸಿನಲ್ಲಿ ಅವರಿಗೆ ಉಕ್ಕಿನ ಕವಚವನ್ನು ತೊಡಿಸಲಾಗಿತ್ತು. ಗಾಳಿ ತುಂಬಿದ ಬಲೂನಿನ ತಗ್ಗು ಮೇಲೇಳುವಂತೆ, ಕುಸಿದ ಪಕ್ಕೆಲುಬುಗಳ ಕಡೆಗೆ ಉಸಿರನ್ನು ಹರಿಸಿದರೆ ಎದೆಗೂಡಿನ ಆಕಾರವೂ ಸುಧಾರಿಸಬಹುದೆಂದು ಯೋಚಿಸಿ, ಕನ್ನಡಿಯ ಮುಂದೆ ತಮ್ಮ ಮೇಲೆಯೇ ಪ್ರಯೋಗಿಸಿದರು. 1920ರ ದಶಕದಲ್ಲಿ ಮೈಸೆನ್ ಪಟ್ಟಣದಲ್ಲಿ ಇತರರಿಗೂ ಕಲಿಸತೊಡಗಿದರು. ಮಗಳು ಕ್ರಿಸ್ಟಾ ಲೆನರ್ಟ್-ಶ್ರೋಟ್ ಈ ಕಾರ್ಯವನ್ನು ಮುಂದುವರಿಸಿದರು.

ವಿಧಾನ

ಎದೆಯ ಭಾಗದ ಬೆನ್ನುಮೂಳೆ ಬಲಕ್ಕೆ ಬಾಗಿದ್ದರೆ ಸಾಮಾನ್ಯವಾಗಿ ಬೆನ್ನಿನ ಬಲಭಾಗ ಉಬ್ಬಿ ಎಡಭಾಗ ತಗ್ಗಿರುತ್ತದೆ. ರೋಗಿಯು ಮೊದಲು ಸೊಂಟವನ್ನು ಸರಿಯಾದ ಸ್ಥಾನಕ್ಕೆ ತಂದು ಬೆನ್ನನ್ನು ಮೇಲಕ್ಕೆ ನೀಳಗೊಳಿಸುತ್ತಾನೆ ಅಥವಾ ನೀಳಗೊಳಿಸುತ್ತಾಳೆ. ಬಳಿಕ ತಗ್ಗಿದ ಭಾಗಕ್ಕೆ ಉಸಿರೆಳೆದು, ಉಸಿರು ಬಿಡುವಾಗ ಸ್ನಾಯುಗಳನ್ನು ಬಿಗಿಹಿಡಿದು ಆ ಭಂಗಿಯನ್ನು ಉಳಿಸಿಕೊಳ್ಳಬೇಕು. ಮಲಗಿ, ಕುಳಿತು, ನಿಂತು ಇದನ್ನು ಅಭ್ಯಸಿಸಿ, ಕೊನೆಗೆ ತರಗತಿಯಲ್ಲಿ ಕುಳಿತಾಗಲೂ ನಡೆಯುವಾಗಲೂ ಅದೇ ಭಂಗಿಯನ್ನು ರೂಢಿಸಿಕೊಳ್ಳುವುದು ಗುರಿ. ವಕ್ರತೆಯ ವಿನ್ಯಾಸ ಪ್ರತಿಯೊಬ್ಬರಲ್ಲೂ ಬೇರೆಯಾದುದರಿಂದ ಒಬ್ಬರ ವ್ಯಾಯಾಮ ಇನ್ನೊಬ್ಬರಿಗೆ ಹೊಂದುವುದಿಲ್ಲ. ವಿಡಿಯೋ ನೋಡಿ ಅನುಕರಿಸುವುದು ಈ ಕಾರಣದಿಂದಲೇ ಸೂಕ್ತವಲ್ಲ. ಈಜು ಆರೋಗ್ಯಕ್ಕೆ ಒಳ್ಳೆಯದೇ ಆದರೂ ಅದು ಈ ಚಿಕಿತ್ಸೆಗೆ ಬದಲಿಯಲ್ಲ.

ಪರಿಣಾಮ ಮತ್ತು ಮಿತಿ

ವಕ್ರತೆಯನ್ನು ಎಕ್ಸ್-ರೇಯಲ್ಲಿ ಕಾಬ್ ಕೋನದಿಂದ ಅಳೆಯುತ್ತಾರೆ. 10 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿದ್ದರೆ ಸ್ಕೋಲಿಯೋಸಿಸ್ ಎನ್ನಲಾಗುತ್ತದೆ. ಅಳತೆಯಲ್ಲಿಯೇ ಸುಮಾರು 5 ಡಿಗ್ರಿ ವ್ಯತ್ಯಾಸ ಬರಬಹುದು. ಆದ್ದರಿಂದ ಎರಡು ಮೂರು ಡಿಗ್ರಿ ಇಳಿದುದನ್ನು ಗುಣವೆಂದಾಗಲಿ, ಏರಿದುದನ್ನು ಸೋಲೆಂದಾಗಲಿ ತಿಳಿಯಬಾರದು. ಸಣ್ಣ ಪ್ರಮಾಣದ ಅಧ್ಯಯನಗಳಲ್ಲಿ ಈ ಬಗೆಯ ವ್ಯಾಯಾಮಗಳಿಂದ ಭಂಗಿ, ನೋವು ಮತ್ತು ಕೋನದಲ್ಲಿ ಸುಧಾರಣೆ ಕಂಡಿದ್ದರೂ ಪುರಾವೆ ಇನ್ನೂ ದುರ್ಬಲವಾಗಿದೆ.

ಬ್ರೇಸ್‌ನ ವಿಷಯ ಹಾಗಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ರೇಸ್ ತೊಟ್ಟವರಲ್ಲಿ ಶೇ. 72ರಷ್ಟು ಮಂದಿ ವಕ್ರತೆ 50 ಡಿಗ್ರಿ ಮುಟ್ಟದೆಯೇ ಬೆಳವಣಿಗೆ ಪೂರೈಸಿದರು. ತೊಡದವರಲ್ಲಿ ಈ ಪ್ರಮಾಣ ಶೇ. 48 ಮಾತ್ರ. ಹೀಗಾಗಿ, ಬೆಳವಣಿಗೆ ಬಾಕಿಯಿದ್ದು ವಕ್ರತೆ ಸುಮಾರು 25ರಿಂದ 40 ಡಿಗ್ರಿಯಷ್ಟಿರುವಾಗ ವ್ಯಾಯಾಮವನ್ನು ಬ್ರೇಸ್‌ನ ಜೊತೆಗೆ ಮಾಡಿಸಲಾಗುತ್ತದೆ, ಅದರ ಬದಲಿಗೆ ಅಲ್ಲ. ಸುಮಾರು 45–50 ಡಿಗ್ರಿ ದಾಟಿದಲ್ಲಿ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತಾರೆ.

ಗಟ್ಟಿಯಾದ ಬ್ರೇಸ್ ಅನ್ನು ದಿನದ ಬಹುಪಾಲು ತೊಡಲು ಮಕ್ಕಳು ಸಂಕೋಚಪಡುವುದು ಸಹಜ. ವ್ಯಾಯಾಮವೊಂದೇ ಸಾಕೆಂಬ ಮಾತು ಆಗ ಹಿತವಾಗಿ ಕೇಳಿಸುತ್ತದೆ. ಆದರೆ ಎತ್ತರ ವೇಗವಾಗಿ ಹೆಚ್ಚುವ ತಿಂಗಳುಗಳಲ್ಲಿಯೇ ವಕ್ರತೆಯೂ ವೇಗವಾಗಿ ಹೆಚ್ಚಬಲ್ಲದು. ಮೂಳೆಯ ಬೆಳವಣಿಗೆ ನಿಂತ ಮೇಲೆ ಬ್ರೇಸ್ ತೊಡಿಸಿದರೂ ಆ ಅವಧಿಯಲ್ಲಿ ತಪ್ಪಿಹೋದ ಲಾಭ ದೊರೆಯದು. ಆದುದರಿಂದ ವ್ಯಾಯಾಮ ಮಾಡುತ್ತಿರುವ ಮಕ್ಕಳನ್ನೂ ಬೆಳವಣಿಗೆಯ ಅವಧಿಯಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೊಮ್ಮೆ ಮರುಪರೀಕ್ಷೆಗೆ ಕರೆಯಲಾಗುತ್ತದೆ.