ಕ್ರೈಸ್ತಧರ್ಮದಲ್ಲಿ ತ್ಯಾಗಪ್ರೇಮದ ಸ್ವರೂಪ

ಪ್ರೇಮವೆಂಬ ಒಂದೇ ಪದಕ್ಕೆ ಲೋಕವ್ಯವಹಾರದಲ್ಲಿ ಅರ್ಥಗಳು ಹಲವು. ಗ್ರೀಕ್ ಭಾಷೆಯು ಈ ಭೇದಗಳನ್ನು ಬೇರೆ ಬೇರೆ ಪದಗಳಿಂದ ಗುರುತಿಸಿದೆ. ಬಯಕೆಯಿಂದ ಹುಟ್ಟುವ ಅನುರಾಗ ‘ಎರೋಸ್’. ಸ್ನೇಹಿತರ ನಡುವಣ ಒಲುಮೆ ‘ಫಿಲಿಯಾ’. ಗ್ರೀಕ್ ಭಾಷೆಯಲ್ಲಿಯೇ ರಚಿತವಾದ ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಎರೋಸ್ ಎಂಬ ಪದವು ಒಮ್ಮೆಯೂ ಬಂದಿಲ್ಲ. ಅದರ ಲೇಖಕರು ಪ್ರಧಾನವಾಗಿ ಆರಿಸಿಕೊಂಡ ಪದ ‘ಅಗಾಪೆ’. ಪ್ರತಿಫಲವನ್ನು ಅಪೇಕ್ಷಿಸದೆ, ಪಾತ್ರಾಪಾತ್ರವನ್ನು ಎಣಿಸದೆ, ಅನ್ಯರ ಹಿತಕ್ಕಾಗಿ ತನ್ನನ್ನೇ ತೆತ್ತುಕೊಳ್ಳುವ ಪ್ರೀತಿಯೆಂಬ ಅರ್ಥವು ಕ್ರೈಸ್ತರ ಬಳಕೆಯಲ್ಲಿ ಆ ಪದಕ್ಕೆ ನೆಲೆಗೊಂಡಿತು.

ಈ ಪ್ರೀತಿಗೆ ಮೂಲಾದರ್ಶ ಶಿಲುಬೆ. ದೈವಸ್ವರೂಪನಾದ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು, ದಾಸನಾಗಿ, ಮರಣದವರೆಗೂ ಇಳಿದುಬಂದನೆಂದು ಸಂತ ಪೌಲನು ಫಿಲಿಪ್ಪಿ ನಗರದವರಿಗೆ ಬರೆದ ಪತ್ರದಲ್ಲಿ ವಿವರಿಸುತ್ತಾನೆ. ಯೋಹಾನನ ಸುವಾರ್ತೆಯು ಗೆಳೆಯರಿಗಾಗಿ ಜೀವ ತೆರುವುದನ್ನು ಪ್ರೀತಿಯ ಪರಮಾವಧಿಯೆಂದು ಎಣಿಸುತ್ತದೆ. ಪೌಲನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನುಷ್ಯರು ದೇವರಿಗೆ ವೈರಿಗಳಾಗಿದ್ದಾಗಲೇ ಕ್ರಿಸ್ತನು ಅವರಿಗಾಗಿ ಮಡಿದನೆಂದು ರೋಮಿನವರಿಗೆ ತಿಳಿಸುತ್ತಾನೆ.

ಇಷ್ಟರಿಂದ, ಪ್ರಾಣತ್ಯಾಗವೆಲ್ಲವೂ ಪ್ರೇಮವೇ ಎಂದು ಭಾವಿಸಲಾಗದು. ಸರ್ವಸ್ವವನ್ನು ದಾನಮಾಡಿದರೂ, ದೇಹವನ್ನೇ ಒಪ್ಪಿಸಿದರೂ, ಪ್ರೀತಿಯಿಲ್ಲದಿದ್ದರೆ ಪ್ರಯೋಜನವಿಲ್ಲವೆಂದು ಅದೇ ಪೌಲನು ಕೊರಿಂಥದವರನ್ನು ಎಚ್ಚರಿಸಿದ್ದಾನೆ. ಎರಡನೆಯ ಶತಮಾನದ ಸಂತ ಪಾಲಿಕಾರ್ಪನ ಮರಣವೃತ್ತಾಂತವೂ ತಾವಾಗಿಯೇ ಹೋಗಿ ಸಾವಿಗೆ ಸಿಕ್ಕಿಕೊಳ್ಳುವವರನ್ನು ಮೆಚ್ಚುವುದಿಲ್ಲ. ಹಾಗಾದರೆ ಸಾವನ್ನು ಬಯಸುವುದಕ್ಕೂ ಪ್ರೀತಿಗಾಗಿ ಸಾವನ್ನು ಒಪ್ಪುವುದಕ್ಕೂ ಇರುವ ಅಂತರವೇನು? ಇಪ್ಪತ್ತನೆಯ ಶತಮಾನದ ಒಂದು ಘಟನೆಯು ಇದನ್ನು ಸ್ಪಷ್ಟಪಡಿಸುತ್ತದೆ.

ಮ್ಯಾಕ್ಸಿಮಿಲಿಯನ್ ಕೋಲ್ಬೆ ಪೋಲೆಂಡಿನಲ್ಲಿ 1894ರಲ್ಲಿ ಜನಿಸಿದ ಫ್ರಾನ್ಸಿಸ್ಕನ್ ಸಂನ್ಯಾಸಿ. 1927ರಲ್ಲಿ ಆತ ಸ್ಥಾಪಿಸಿದ ನಿಯೆಪೊಕಲನೋವ್ ಮಠವು ಯುದ್ಧಕಾಲದಲ್ಲಿ ಅನೇಕ ನಿರಾಶ್ರಿತರಿಗೆ ಆಸರೆಯಾಗಿತ್ತು. ಅವರಲ್ಲಿ ಯೆಹೂದ್ಯರೂ ಇದ್ದರು. 1941ರ ಫೆಬ್ರವರಿಯಲ್ಲಿ ನಾಜಿಗಳು ಆತನನ್ನು ಬಂಧಿಸಿದರು. ಮೇ ತಿಂಗಳಲ್ಲಿ ಆಷ್ವಿಟ್ಸ್ ಸೆರೆಶಿಬಿರಕ್ಕೆ ಸಾಗಿಸಲ್ಪಟ್ಟ ಆತ ಅಲ್ಲಿ 16670ನೆಯ ಸಂಖ್ಯೆಯ ಕೈದಿಯಾದ.

ಜುಲೈ ತಿಂಗಳ ಕೊನೆಯಲ್ಲಿ ಶಿಬಿರದಿಂದ ಒಬ್ಬ ಕೈದಿ ತಪ್ಪಿಸಿಕೊಂಡನು. ಅದಕ್ಕೆ ಪ್ರತೀಕಾರವಾಗಿ ಹತ್ತು ಮಂದಿಯನ್ನು ಅನ್ನನೀರಿಲ್ಲದೆ ಸಾಯಿಸಲು ಅಧಿಕಾರಿಗಳು ಆರಿಸಿದರು. ಅವರಲ್ಲೊಬ್ಬನಾದ ಫ್ರಾನ್ಸಿಷೆಕ್ ಗಯೋವ್ನಿಚೆಕ್ ಎಂಬ ಪೋಲಿಷ್ ಸೈನಿಕನು ತನ್ನ ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟನು. ಆಗ ಕೋಲ್ಬೆ ಸಾಲಿನಿಂದ ಹೊರಬಂದು, ತಾನು ಕಥೋಲಿಕ ಗುರುವೆಂದೂ, ಸಂಸಾರಿಯಾದ ಆ ಮನುಷ್ಯನ ಬದಲು ತನ್ನನ್ನು ಕಳುಹಿಸಬೇಕೆಂದೂ ಕೇಳಿಕೊಂಡನು. ಕೋರಿಕೆ ಮನ್ನಿಸಲ್ಪಟ್ಟಿತು. ನೆಲಮಾಳಿಗೆಯ ಕೋಣೆಯಲ್ಲಿ ಸುಮಾರು ಎರಡು ವಾರಗಳ ಕಾಲ ಆತ ಸಹಬಂದಿಗಳೊಡನೆ ಪ್ರಾರ್ಥಿಸುತ್ತ, ಅವರಿಗೆ ಧೈರ್ಯ ತುಂಬುತ್ತ ಇದ್ದನೆಂದು ಅಲ್ಲಿ ದುಭಾಷಿಯಾಗಿದ್ದ ಕೈದಿಯೊಬ್ಬನ ಸಾಕ್ಷ್ಯವಿದೆ. ಕಡೆಗೆ ಉಳಿದಿದ್ದ ನಾಲ್ವರನ್ನು 1941ರ ಆಗಸ್ಟ್ 14ರಂದು ವಿಷದ ಚುಚ್ಚುಮದ್ದಿನಿಂದ ಕೊಲ್ಲಲಾಯಿತು. ಕೋಲ್ಬೆ ಅವರಲ್ಲೊಬ್ಬ.

ಆತ ಸಾವನ್ನು ಅರಸಿ ಹೋದವನಲ್ಲ. ಅನ್ಯನ ಪಾಲಿಗೆ ಬಂದ ಸಾವನ್ನು ತನ್ನ ಪಾಲಿಗೆ ತೆಗೆದುಕೊಂಡವನು. ಆ ಸೈನಿಕನು ಆತನ ಬಂಧುವೂ ಅಲ್ಲ, ಆಪ್ತನೂ ಅಲ್ಲ.

ಆದರೆ ಇಲ್ಲಿ ಒಂದು ಕಠಿಣ ಪ್ರಶ್ನೆಯೇಳುತ್ತದೆ. ಗಯೋವ್ನಿಚೆಕ್ ಬದುಕುಳಿದು ಮನೆಗೆ ಮರಳಿದಾಗ ಹೆಂಡತಿ ಇದ್ದಳು; ಇಬ್ಬರು ಗಂಡುಮಕ್ಕಳೂ 1945ರ ಯುದ್ಧದಾಳಿಯಲ್ಲಿ ಮಡಿದಿದ್ದರು. ಯಾವ ಮಕ್ಕಳನ್ನು ನೆನೆದು ತಂದೆ ಅತ್ತನೋ ಆ ಮಕ್ಕಳೇ ಇಲ್ಲವಾದ ಮೇಲೆ ಆ ತ್ಯಾಗವು ವ್ಯರ್ಥವಾಯಿತೆ? ಫಲದಿಂದ ಅಳೆದರೆ ಹಾಗೆಂದು ತೋರಬಹುದು. ಅಗಾಪೆಯನ್ನಾದರೋ ಫಲದಿಂದ ಅಳೆಯುವಂತಿಲ್ಲ. ಶಿಲುಬೆಯ ದಿನ ಸಂಜೆ ನೋಡಿದವರಿಗೆ ಅಲ್ಲಿಯೂ ಸೋಲಲ್ಲದೆ ಬೇರೇನೂ ಕಂಡಿರಲಾರದು. ಕೊಟ್ಟವನ ಪ್ರೀತಿ ಪಡೆದವನ ಬಾಳಿನ ಸುಖದುಃಖಗಳಿಗೆ ಅಧೀನವಲ್ಲ. ಗಯೋವ್ನಿಚೆಕ್ ಮಾತ್ರ 1995ರಲ್ಲಿ ತೀರಿಕೊಳ್ಳುವವರೆಗೂ ಆ ಋಣವನ್ನು ಮರೆಯದೆ ಊರೂರುಗಳಲ್ಲಿ ಕೋಲ್ಬೆಯ ಕಥೆಯನ್ನು ಹೇಳುತ್ತ ಬಂದನು.

ಧರ್ಮಸಭೆಗೂ ಈ ಮರಣವು ಜಿಜ್ಞಾಸೆಗೆ ಎಡೆಕೊಟ್ಟಿತು. ವಿಶ್ವಾಸದ ಮೇಲಣ ದ್ವೇಷದಿಂದ ಕೊಲ್ಲಲ್ಪಟ್ಟವನೇ ರಕ್ತಸಾಕ್ಷಿ ಎಂಬುದು ಸಂಪ್ರದಾಯದ ಲಕ್ಷಣ. ಕೋಲ್ಬೆಯಾದರೋ ಅಪರಿಚಿತನ ಬದಲಿಗೆ ಸತ್ತವನು. ಈ ಕಾರಣದಿಂದ 1971ರಲ್ಲಿ, ಸಂತಪದವಿಗೆ ಮುಂಚಿನ ‘ಪುನೀತ’ ಪದವಿ ಕೊಡುವಾಗ, ಆತನನ್ನು ರಕ್ತಸಾಕ್ಷಿಯೆಂದು ಗಣಿಸಿರಲಿಲ್ಲ. 1982ರ ಅಕ್ಟೋಬರ್ 10ರಂದು, ಗಯೋವ್ನಿಚೆಕ್ ಎದುರಿನಲ್ಲಿಯೇ, ಪೋಪ್ ಎರಡನೆಯ ಜಾನ್ ಪಾಲ್ ಆತನನ್ನು ರಕ್ತಸಾಕ್ಷಿಯೆಂದೇ ಸಾರಿ ಸಂತಪದವಿಗೇರಿಸಿದರು. ಮುಂದೆ 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು ‘ಪ್ರಾಣಾರ್ಪಣೆ’ಯನ್ನೇ ಸಂತಪದವಿಯ ಪ್ರತ್ಯೇಕ ಮಾರ್ಗವನ್ನಾಗಿ ಅಂಗೀಕರಿಸಿದರು. ಅರ್ಪಣೆಯು ಸ್ವಇಚ್ಛೆಯದಾಗಿರಬೇಕು, ಪ್ರೀತಿಯಿಂದ ಪ್ರೇರಿತವಾಗಿರಬೇಕು, ಸನ್ನಿಹಿತವಾದ ನಿಶ್ಚಿತ ಮರಣವನ್ನು ಅರಿತೇ ಒಪ್ಪಿದುದಾಗಿರಬೇಕು. ಇವುಗಳೊಡನೆ, ಆ ವ್ಯಕ್ತಿ ಅದಕ್ಕೆ ಮೊದಲೂ ಸದ್ಗುಣಗಳಲ್ಲಿ ಬಾಳಿರಬೇಕೆಂಬ ನಿಯಮವೂ ಉಂಟು.

ಈ ಕೊನೆಯ ನಿಯಮವು ವಿಶೇಷವಾಗಿ ಮನನಯೋಗ್ಯ. ಕೊನೆಯ ಗಳಿಗೆಯ ಮಹಾತ್ಯಾಗವು ಆ ಗಳಿಗೆಯಲ್ಲಿ ಹುಟ್ಟುವುದಿಲ್ಲ. ದಿನದಿನವೂ ತನ್ನ ಪಾಲಿನ ತುತ್ತನ್ನು, ಹೊತ್ತನ್ನು, ಹಮ್ಮನ್ನು ಅನ್ಯರಿಗಾಗಿ ಬಿಟ್ಟುಕೊಟ್ಟು ಪಳಗಿದ ಜೀವವು, ಕೇಳಿದಾಗ ತನ್ನನ್ನೂ ಬಿಟ್ಟುಕೊಡುತ್ತದೆ.